ಕಾಕಾ ಜೋತುಬಿದ್ದ ತೊಲೆಗಳು

ನಮ್ಮ ಕಾಕಾನನ್ನು ಮನೆಗೆ ಕರೆಯುವವರು ಮೊದಲು ತಮ್ಮ ಮನೆಯ ತೊಲೆಗೆ ಕೈಮುಗಿಯಬೇಕು! ಚಪ್ಪಲಿ ಬಿಡುವ ಮೊದಲೇ ಕಾಕಾನ ಕತ್ತು ಮೇಲೇರುತ್ತದೆ. ಸಿಮೆಂಟಿನ ಬೀಮಾದರೆ ಕೋಲಿನಿಂದ ಕುಟ್ಟುತ್ತಾರೆ. ಕಬ್ಬಿಣದ ಗರ್ಡರಾದರೆ ಸ್ಟೂಲು ಕೇಳಿ, ಹತ್ತಿ, ಎರಡೂ ಕೈಯಲ್ಲಿ ಹಿಡಿದು ಜೋತುಬೀಳುತ್ತಾರೆ. ಅರವತ್ತು ದಾಟಿದ, ಧೋತರ ಉಟ್ಟ ಮನುಷ್ಯ! ಜೊತೆಗೆ ಹೋದವರ ಮಾನದ ಗತಿಯೇನು?

ನನಗೆ ಹೆಣ್ಣು ನೋಡಲು ಹುಕ್ಕೇರಿಗೆ ಹೋದಾಗಲೂ ಅದೇ ಕಥೆ. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ಬಂದರೆ ಕಾಕಾ ಗರ್ಡರಿನಲ್ಲಿ ತೂಗಾಡುತ್ತಿದ್ದಾರೆ! "ಮನಿ ಗಟ್ಟಿ ಐತ್ರಿ. ನಮಗ ಹೆಣ್ಣ ಒಪ್ಪಿಗಿ," ಎಂದು ಅಲ್ಲಿಂದಲೇ ಮಾತು ಮುಗಿಸಿದರು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳೇ ಈಗ ನನ್ನ ಹೆಂಡತಿ.

ಗೋಕಾಕದ ಬಸ್ಸಿನಲ್ಲಂತೂ ಕೇಳಬೇಡಿ. ಸೇತುವೆ ಬಂದೊಡನೆ ಎದ್ದು, ಮೇಲಿನ ಸರಳು ಹಿಡಿದು ಕಾಲು ಮಡಚುತ್ತಾರೆ. ಸೇತುವೆಯ ತೊಲೆಗೆ ಭಾರ ಕಡಿಮೆಯಾಗಲಿ ಅಂತ!

"ಕಾಕಾ, ನೀವು ಜೋತಬಿದ್ರೂ ಭಾರ ಬಸ್ಸಿನ್ಯಾಗ ಇರ್ತೈತೆಲ್ರಿ?" ಎಂದ ಕಂಡಕ್ಟರ್.

"ಅದು ನನಗೂ ಸೇತುವಿಗೂ ಸಂಬಂಧ. ನೀ ಟಿಕೀಟ್ ಹರಿ."

ನಮಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿಲ್ಲ. ಕಂಡವರದೆಲ್ಲ ಅದೇ ಪ್ರಶ್ನೆ. ನನ್ನ ಹೆಂಡತಿ ಬಸುರಿಯರ ಕುಬಸ, ಕೂಸುಗಳ ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಕಾಕಾ ಮಾತ್ರ ಒಮ್ಮೆಯೂ ಕೇಳಿದವರಲ್ಲ. ತೊಲೆ ಬಿಟ್ಟು ಈ ಮನುಷ್ಯನಿಗೆ ಬೇರೇನು ಕಾಣುತ್ತದೆ ಎಂದುಕೊಂಡಿದ್ದೆ.

ಹೋದ ವರ್ಷ ಮೂಡಲಗಿಯಲ್ಲಿ ಮನೆ ಕಟ್ಟಿಸಿದೆವು. ಕಾಕಾ ದಿನಾ ತಮ್ಮೂರು ಕಲ್ಲೋಳಿಯಿಂದ ಬಂದು ಗೌಂಡಿಯ ಜೀವ ಹಿಂಡಿದರು. ನಡುಮನೆಯ ಬೀಮಿಗೆ ಇನ್ನೂ ಕಬ್ಬಿಣದ ಸಳಿ ಬೇಕಂತೆ!

"ಇದಕ್ಕ ಆನಿ ಕಟ್ಟಾವ್ರದೀರೇನ್ರಿ?" ಎಂದು ಗೌಂಡಿ ರೇಗಿದ.

ಕಾಂಕ್ರೀಟು ಸುರಿಯುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ, ಬೀಮಿನ ಸಳಿಗೆ ಎರಡು ದಪ್ಪ ಕೊಂಡಿ ಬಿಗಿಸಿದರು. ನನ್ನ ಸಿಟ್ಟು ನೆತ್ತಿಗೇರಿತು.

"ಸಾಕ್ ಮಾಡ್ರಿ ಕಾಕಾ! ಫ್ಯಾನಿಂದು ಬ್ಯಾರೆ ಐತೆಲ್ಲ?"

"ನಿನಗ ತಿಳ್ಯಾಂಗಿಲ್ಲ, ಸುಮ್ಕಿರು."

ಗೃಹಪ್ರವೇಶದ ದಿನ ಬಂದವರೆಲ್ಲ ಹೋದ ಮೇಲೆ ಹೆಂಡತಿ ಕೇಳಿಯೇಬಿಟ್ಟಳು: "ಮಾಂವಾರ, ಈ ಕೊಂಡಿ ಯಾತಕ್ರಿ?"

ಕಾಕಾನ ಕತ್ತು ಮೊದಲ ಸಲ ಕೆಳಗಿಳಿಯಿತು.

"ತೊಟ್ಟಲ ಕಟ್ಟಾಕವ್ವಾ."

ಅವಳ ಮುಖ ಸಣ್ಣದಾಯಿತು. "ಕೂಸ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಜೋತಬೀಳಾಕ ನಾ ಅದೀನಲ್ಲ! ನೀ ನಗಬೇಕು, ಅಷ್ಟ. ಸ್ಟೂಲ್ ಎಲ್ಲೈತಿ?"

ಹುಕ್ಕೇರಿಯಲ್ಲಿ ನಕ್ಕಂತೆಯೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣು ಒರೆಸಿಕೊಂಡದ್ದೂ ಅದೇ ಸೆರಗಿನಿಂದ.

ನಾನೇ ಓಡಿಹೋಗಿ ಸ್ಟೂಲು ತಂದು, ಅಲುಗದಂತೆ ಗಟ್ಟಿಯಾಗಿ ಹಿಡಿದುಕೊಂಡೆ.