ಬಚ್ಚಲ ಹಿಂದೆ ಹೋಗುವ ಮಾವ

ನಮ್ಮ ಸೋದರಮಾವನನ್ನು ಮಾತ್ರ ಯಾರ ಮನೆಗೂ ಕರೆದುಕೊಂಡು ಹೋಗಬೇಡಿ. ಕೈಕಾಲು ತೊಳೆಯಲು ನೀರು ಕೊಟ್ಟರೆ ಅವರು ತೊಳೆಯುವುದಿಲ್ಲ. ಆ ನೀರು ಎಲ್ಲಿಗೆ ಹರಿದು ಹೋಗುತ್ತದೆ ಎಂದು ನೋಡಲು ನೇರ ಬಚ್ಚಲ ಹಿಂದಕ್ಕೆ ನಡೆಯುತ್ತಾರೆ. ಅಲ್ಲಿ ಬಾಳೆ, ಕೆಸು ಬೆಳೆದಿದ್ದರೆ ಮನೆಯವರು ಒಳ್ಳೆಯವರು. ಇಲ್ಲದಿದ್ದರೆ ಮುಗಿಯಿತು ಕಥೆ.

ನನಗೆ ಹೆಣ್ಣು ನೋಡಲು ಶ್ರೀನಿವಾಸಪುರಕ್ಕೆ ಹೋದಾಗಲೂ ಇದೇ ಆಯಿತು. ನಾವೆಲ್ಲ ಕೇಸರಿಬಾತು ತಿನ್ನುತ್ತಿದ್ದೆವು. ಮಾವ ಹಿತ್ತಿಲಿನಿಂದ ಬಂದವರೇ ನನ್ನ ಕಿವಿಯಲ್ಲಿ, ಅಂದರೆ ಇಡೀ ಹಜಾರಕ್ಕೆ ಕೇಳುವಂತೆ, "ಬೇಡ ಕಣೋ. ಬಚ್ಚಲ ಹಿಂದೆ ತಂಗಡಿ ಗಿಡ ಬಂದಿದೆ. ಅದು ಬರೋದು ಒಣ ನೆಲದಲ್ಲಿ. ಇವರ ಮನೇಲಿ ಯಾರೂ ಸ್ನಾನ ಮಾಡಲ್ಲ" ಎಂದರು. ಬಚ್ಚಲ ನೀರನ್ನು ಅವರು ಪೈಪಿನಲ್ಲಿ ಮಾವಿನ ಮರಗಳಿಗೆ ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಆ ಹುಡುಗಿಯೇ ಈಗ ನನ್ನ ಹೆಂಡತಿ. ಮಾವ ಬಂದಾಗಲೆಲ್ಲ ಎರಡು ಸಲ ಸ್ನಾನ ಮಾಡುತ್ತಾಳೆ.

ಹಾಗೆಂದು ಇದು ಬರೀ ಹುಚ್ಚು ಎನ್ನುವಂತೆಯೂ ಇಲ್ಲ. ನಮ್ಮ ಕೋಲಾರದ ಕಡೆ ನೀರು ಹುಡುಕುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಬೋರ್‌ವೆಲ್. ಮಾವನಿಗೆ ಕಾಯಿ ಬೇಕಿಲ್ಲ, ಬಸ್ಸಿನ ಕಿಟಕಿ ಸಾಕು. "ಅಗೋ ಈಚಲು, ಅಲ್ಲಿ ಹಳ್ಳ. ಹೊಂಗೆ ಸಾಲು ನೋಡು, ಹಳೇ ಕಾಲುವೆ ಅಲ್ಲೇ ಇತ್ತು. ದಿಣ್ಣೆ ಮೇಲೆ ತಂಗಡಿ, ಅಲ್ಲಿ ದೇವರೇ ಗತಿ." ಒಮ್ಮೆ ಮಾಲೂರು ದಾರಿಯಲ್ಲಿ ಬೋಳು ದಿಣ್ಣೆಯ ಮೇಲೆ ಹಸಿರು ಜೊಂಡು ಕಂಡು, ಸೆಲೆ ಸಿಕ್ಕಿತೆಂದು ಬಸ್ಸನ್ನೇ ನಿಲ್ಲಿಸಿಬಿಟ್ಟರು. ಇಳಿದು ನೋಡಿದರೆ ಯಾರದೋ ತೋಟದ ಪೈಪು ಒಡೆದಿತ್ತು. ಕಂಡಕ್ಟರ್ ನಕ್ಕ. ವಾದದಲ್ಲಿ ಸೋತಾಗ ಮಾವ ತೆಲುಗಿಗೆ ಜಾರುತ್ತಾರೆ. "ನೀಕೇಂ ತೆಲುಸಯ್ಯಾ", ಅಂದರೆ ನಿನಗೇನು ಗೊತ್ತಯ್ಯಾ, ಎಂದು ಗೊಣಗುತ್ತಾ ಬಸ್ಸು ಹತ್ತಿದರು.

ಇಂಥವರ ಸ್ವಂತ ಮನೆಯಲ್ಲೇ, ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ, ಒಂದು ಮಲ್ಲಿಗೆ ಬಳ್ಳಿ ತಪ್ಪು ಜಾಗದಲ್ಲಿತ್ತು. ಮುಂಬಾಗಿಲ ಪಕ್ಕ, ಬಂಡೆಯ ಸಂದಿನಲ್ಲಿ. ನೆಟ್ಟವರು ಅತ್ತೆ.

"ಬಚ್ಚಲ ಹತ್ರ ನೆಡು ಕಣೇ, ತಾನಾಗೇ ಬರುತ್ತೆ."

"ಬಚ್ಚಲ ನೀರು ಕುಡಿದ ಹೂವನ್ನ ದೇವರಿಗೆ ಹೇಗ್ರೀ ಮುಡಿಸೋದು?"

"ಗಿಡ ನೀರಿರೋ ಕಡೆ ಹೋಗಬೇಕು. ನೀರನ್ನ ಗಿಡದ ಹತ್ರ ಹೊತ್ಕೊಂಡು ಹೋಗೋರು ದಡ್ಡರು."

ಅತ್ತೆ ಬಿಂದಿಗೆ ಎತ್ತಿಕೊಂಡು ಬೀದಿ ಕೊನೆಯ ನಲ್ಲಿಗೆ ಹೋಗುತ್ತಿದ್ದರು. ಮದುವೆಯಾದಾಗಿನಿಂದ ಇದೇ ಜಗಳ.

ಈ ಬೇಸಿಗೆಯಲ್ಲಿ ಅತ್ತೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಕೋಲಾರದ ಆಸ್ಪತ್ರೆ ಸೇರಿದರು. ಮಗಳು ಜೊತೆಗಿದ್ದಳು. ಮಾವ ಹಗಲೆಲ್ಲ ಬಂದು ಕೂರುತ್ತಿದ್ದರು. ಸಂಜೆಯಾದರೆ ಊರಿನ ಬಸ್ಸು. "ಒಂದಿನವಾದ್ರೂ ಉಳ್ಕೊಳ್ಳಿ ಮಾವ" ಎಂದರೆ, "ಈ ಕಾಂಪೌಂಡಲ್ಲಿ ಒಂದು ಗಿಡ ಇಲ್ಲ, ನನಗೆ ನಿದ್ದೆ ಬರಲ್ಲ" ಎನ್ನುವರು. ಇವರೆಂಥ ಗಂಡ ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಂಡೆವು. ಅತ್ತೆ ದಿನಾ ಕೇಳುತ್ತಿದ್ದುದು ಒಂದೇ: "ಮಲ್ಲಿಗೆ ಹೇಗಿದೆ?"

"ಒಣಗಿರುತ್ತೆ. ನಾನೆಲ್ಲಿ ಆ ಕಡೆ ನೋಡ್ದೆ?"

ಅತ್ತೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಟೋದಲ್ಲಿ ಅವರನ್ನು ಮನೆಗೆ ಕರೆತಂದ ದಿನ ನೋಡಿದರೆ ಬಳ್ಳಿಯ ತುಂಬ ಮೊಗ್ಗು. ಸುತ್ತಲಿನ ನೆಲ ಬಿಸಿಲಿಗೆ ಸುಟ್ಟ ರೊಟ್ಟಿಯಾಗಿತ್ತು. ಬುಡ ಮಾತ್ರ ಒದ್ದೆ. ಪಕ್ಕದಲ್ಲಿ ಅತ್ತೆಯ ಬಿಂದಿಗೆ ಬೋರಲಾಗಿ ಕೂತಿತ್ತು.

"ಬಂಡೆ ಕೆಳಗೆ ಸೆಲೆ ಬಂದಿರಬೇಕು" ಎಂದು ಮಾವ ಗಂಭೀರವಾಗಿ ಹೇಳಿ, ಬಲಹೆಗಲು ನೀವಿಕೊಂಡರು.

ಅತ್ತೆ ಬಳ್ಳಿಯನ್ನು ನೋಡಿದರು. ಆಮೇಲೆ ಆ ಹೆಗಲನ್ನು ನೋಡಿದರು. ಮಗಳ ಕಡೆ ತಿರುಗಿ, "ಒಳಗಿಂದ ಎಣ್ಣೆ ತಗೊಂಡು ಬಾರೇ, ಸೆಲೆಗೆ ಹೆಗಲು ನೋವಂತೆ" ಎಂದರು.

ಮಾವ ತೆಲುಗಿನಲ್ಲಿ ಏನೋ ಗೊಣಗಿದರು.