ಒಂದೇ ನಾಯಿಮರಿ, ಮೂರು ಡಿಸ್ಕು

ಉಳಿತಾಯದ ವಿದ್ಯೆಯಲ್ಲಿ ಇಡೀ ಟೊಲಿಡೊ ಊರಿನಲ್ಲಿ ನನಗೆ ಸಮನಿಲ್ಲ ಅಂತ ಆ ಶನಿವಾರದವರೆಗೂ ನಂಬಿದ್ದೆ. ಮರುದಿನ ಅತ್ತೆ ಯೂನಿಸ್‌ಗೆ ಎಂಬತ್ತು ತುಂಬುವುದಿತ್ತು. ಪಾಪ, ಆಕೆ ಕೇಳಿದ್ದು ಒಂದೇ: ಊಟವಾದ ಮೇಲೆ ಎಲ್ಲರೂ ಕೂತು ಹೊಸದಾಗಿ ಬಂದ ನಾಯಿಮರಿ ಸಿನಿಮಾ ನೋಡಬೇಕು.

"ಹತ್ತು ಡಾಲರ್‌ಗೆ ಡಿವಿಡಿ ಸಿಗುತ್ತೆ, ತಾ" ಅಂದಳು ಹೆಂಡತಿ ಲೋರ್ನಾ.

ನಾನು ತಂದದ್ದು ಇಪ್ಪತ್ತನಾಲ್ಕು ಡಾಲರಿನ ಕಾಂಬೋ ಪ್ಯಾಕು!

"ಒಂದು ನಾಯಿಮರಿಗೆ ಮೂರು ಡಿಸ್ಕಾ?"

"ಬ್ಲೂ-ರೇ ಒಂದು, ಡಿವಿಡಿ ಒಂದು, ಕಂಪ್ಯೂಟರಿಗೆ ಇನ್ನೊಂದು. ತಲಾ ಎಂಟೇ ಡಾಲರ್ ಕಣೇ!"

"ಮೂರು ಡಿಸ್ಕಲ್ಲ ವರ್ನನ್, ಮೂರು ರಿಸ್ಕು! ಬ್ಲೂ-ರೇ ಹಾಕೋಕೆ ನಮ್ಮನೇಲಿ ಪ್ಲೇಯರ್ ಎಲ್ಲಿದೆ?"

ಮಾತು ಸರಿ. ಆದರೆ ಕೊಂಡ ಡಿಸ್ಕನ್ನು ಸುಮ್ಮನೆ ಕೊಳೆಸುವುದೇ? ಪ್ಲೇಯರ್ ತಂದೆ. ಅದರ ತಂತಿ ಚುಚ್ಚಲು ನಮ್ಮ ಹಳೇ ಟಿವಿಗೆ ತೂತೇ ಇರಲಿಲ್ಲ. ಅದನ್ನು ಹಳೇ ಡಿವಿಡಿ ಪ್ಲೇಯರ್ ಸಮೇತ ನೆಲಮಾಳಿಗೆಗೆ ಗಡೀಪಾರು ಮಾಡಿ ಹೊಸ ಟಿವಿ ತಂದೆ. ಆ ಮಹಾರಾಯ ಟಿವಿ ಇಡುವ ಕಪಾಟಿನೊಳಗೆ ಹಿಡಿಯಲೊಲ್ಲ! ಎರಡೇ ಇಂಚು ಹೆಚ್ಚು.

ಭಾನುವಾರ ಬೆಳಿಗ್ಗೆ ಲೋರ್ನಾ ಕೇಕ್ ತರಲು ಹೋದದ್ದೇ ತಡ, ಗರಗಸ ಹಿಡಿದೆ. ಆ ಓಕ್ ಕಪಾಟು ನಮ್ಮ ಮದುವೆಗೆಂದು ದಿವಂಗತ ಮಾವ ಕೈಯಾರೆ ಮಾಡಿಕೊಟ್ಟದ್ದು ಅನ್ನುವುದು ನೆನಪಾಗುವಷ್ಟರಲ್ಲಿ ಅದರ ಬಲಪಕ್ಕ ನನ್ನ ಕೈಯಲ್ಲಿತ್ತು. ಇಪ್ಪತ್ತು ಬಲೂನು ಊದಿ ಕಪಾಟಿನ ಗಾಯ ಮುಚ್ಚಿದೆ.

ಅತ್ತೆ ಬಂದವರೇ ನೇರ ಕಪಾಟಿನ ಹತ್ತಿರ ನಡೆದರು. ಬಲೂನು ಸರಿಸಿದರು.

"ಇದೇನಪ್ಪಾ, ಕಪಾಟಿಗೆ ಕಿಟಕಿ ಇಟ್ಟಿದ್ದೀಯ?"

"ಗಾಳಿ ಆಡಲಿ ಅಂತ..." ತೊದಲಿದೆ.

ಲೋರ್ನಾ ನನ್ನನ್ನು ನೋಡಿದ ನೋಟಕ್ಕೆ ಕೇಕಿನ ಮೇಲಿನ ಮೇಣದಬತ್ತಿಗಳು ತಾವಾಗಿಯೇ ಹೊತ್ತಿಕೊಳ್ಳಬೇಕಿತ್ತು. ಅತ್ತೆ ಮಾತ್ರ ಕೊಯ್ದ ಅಂಚನ್ನು ಒಮ್ಮೆ ಸವರಿ, "ಅವರು ಇದಕ್ಕೆ ಒಂದು ಚಳಿಗಾಲ ಪೂರ್ತಿ ತಗೊಂಡಿದ್ರು" ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಹೋಗ್ಲಿ ಬಿಡು, ಸಿನಿಮಾ ಹಾಕು" ಅಂದರು ಅತ್ತೆಯೇ.

ಗಾಂಭೀರ್ಯದಿಂದ ಬ್ಲೂ-ರೇ ತೂರಿಸಿದೆ. ಪರದೆಯ ಮೇಲೆ ನಾಯಿಮರಿ ಬರಲಿಲ್ಲ, ಅಪ್ಪಣೆ ಬಂತು: ಪ್ಲೇಯರ್ ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ. ಶೇಕಡಾ ಒಂದು. ಕಾಲು ಗಂಟೆಯ ನಂತರ, ಶೇಕಡಾ ಮೂರು!

"ಅಮ್ಮಾ, ಕೆಳಗೆ ಹೋಗೋಣ ಬಾ" ಅಂದಳು ಲೋರ್ನಾ. ಡಿವಿಡಿ, ಕೇಕು, ನೆಂಟರು, ಎಲ್ಲ ನೆಲಮಾಳಿಗೆಯ ಹಳೇ ಟಿವಿಯ ಮುಂದೆ ಸೇರಿದರು. ಯಾರಾದರೂ ಸ್ವಿಚ್ ಆರಿಸಿದರೆ ಪ್ಲೇಯರ್ ಸತ್ತೀತೆಂದು ನಾನೊಬ್ಬನೇ ಮೇಲೆ ಕಾವಲು ಕೂತೆ. ಕೆಳಗಿನಿಂದ ನಗು, ಬೊಗಳು, ಮತ್ತೆ ನಗು.

ಎರಡು ಗಂಟೆಯಾದ ಮೇಲೆ ಶೇಕಡಾ ನೂರು! "ಬನ್ನಿ, ಬನ್ನಿ!" ಎಂದು ಕೂಗುತ್ತಾ ಮೆಟ್ಟಿಲಿಳಿದೆ. ಸಿನಿಮಾ ಮುಗಿದಿತ್ತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಕಿನ ತಟ್ಟೆ ಖಾಲಿ.

ಆದರೂ ನನ್ನ ಜಂಬ ಇಳಿಯಬೇಕಲ್ಲ? "ನೋಡಿದ್ರಾ? ಡಿವಿಡಿ ಇದ್ದದ್ದು ನನ್ನ ಪ್ಯಾಕಿನಲ್ಲೇ! ಲಾಭವೋ ಅಲ್ಲವೋ, ನೀವೇ ಹೇಳಿ ಅತ್ತೆ."

ಅತ್ತೆ ಕನ್ನಡಕ ಒರೆಸಿಕೊಂಡರು. "ಭಾರೀ ಲಾಭ ಕಣಪ್ಪಾ! ಒಂದು ಡಿಸ್ಕು ನಮಗೆ ಸಿನಿಮಾ ತೋರಿಸ್ತು. ಇನ್ನೊಂದು ನಿನ್ನನ್ನ ಎರಡು ಗಂಟೆ ಮೇಲೇ ಕಟ್ಟಿಹಾಕ್ತು. ಆ ಮೂರನೇದನ್ನ ಜೋಪಾನವಾಗಿ ಎತ್ತಿಟ್ಟಿರು, ಕ್ರಿಸ್‌ಮಸ್‌ಗೆ ಬರ್ತೀನಿ!"