ಹಕ್ಕಿಗಡ್ಡೆಯೋ ಕಲ್ಲುಗಡ್ಡೆಯೋ

ಕೊಟ್ಟೂರಿನಲ್ಲಿ ಬಸ್ ನಿಲ್ದಾಣದ ಹಿಂದೆಯೇ ಮನೆ ಕಟ್ಟಿಸಬೇಡವೆಂದು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರೆಲ್ಲ ನೆಂಟರು, ಅವರಿಗೆ ಅದರಿಂದ ಅನುಕೂಲವೇ ಇತ್ತು. ಕೂಡ್ಲಿಗಿಯಿಂದ ಹಡಗಲಿಗೆ ಹೋಗುವವರು, ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವವರು, ಎಲ್ಲಿಗೂ ಹೋಗದೆ ಸುಮ್ಮನೆ ಬಸ್ ಇಳಿದವರು, ಎಲ್ಲರಿಗೂ ನಮ್ಮ ಪಡಸಾಲೆಯೇ ತಂಗುದಾಣ. ಒಮ್ಮೆ ಒಬ್ಬ ಹಿರಿಯರು ಬಂದು ಕೈಕಾಲು ತೊಳೆದು, ಚಹಾ ಕುಡಿದು, "ಸಕ್ರಿ ಸ್ವಲ್ಪ ಕಡಿಮಿ ಆತು" ಎಂದು ಎದ್ದು ಹೋದರು. ಅವರು ಯಾರ ಕಡೆಯವರೆಂದು ನಾನೂ ನನ್ನ ಹೆಂಡತಿಯೂ ಇಂದಿಗೂ ಜಗಳವಾಡುತ್ತೇವೆ. (ನನ್ನ ಕಡೆಯವರಂತೂ ಅಲ್ಲ.)

ನಾನು ಮರುಳಪ್ಪ. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ನೌಕರಿಯುದ್ದಕ್ಕೂ "ಶ್!" ಎಂದವನು. ನಾನು ಹಾಗೆಂದರೆ ಪ್ರಿನ್ಸಿಪಾಲರೂ ಬಾಯಿ ಮುಚ್ಚುತ್ತಿದ್ದರು. ನಿವೃತ್ತನಾಗಿ ಮನೆಗೆ ಬಂದು ಹಾಗೆಯೇ "ಶ್!" ಎಂದೆ. ನನ್ನ ಹೆಂಡತಿ ವಾಣಿಶ್ರೀ, "ಕುಕ್ಕರ್ ಕೂಗಿತೇನ್ರಿ?" ಎಂದಳು.

ಹೀಗಿರುವಾಗ ಒಂದು ದಿನ ನಮ್ಮ ಬೋರಿನ ಮೋಟಾರು ಕೆಟ್ಟಿತು. ರಿಪೇರಿಗೆ ಬಂದ ಮೌಲಾಹುಸೇನ ನನ್ನ ಗೋಳು ಕೇಳಿ, ಪಾನಾ ಕೆಳಗಿಟ್ಟು ಹೇಳಿದ:

"ಸರ, ಹೊಳಿ ನಡುವ ಮನಿ ಮಾಡ್ರಿ. ಯಾವ ನೆಂಟ ಬರ್ತಾನ ನೋಡೂಣು! ಮಾಗಳದ ಕಡಿ ಎರಡು ಗಡ್ಡಿ ಅದಾವು, ಹಕ್ಕಿಗಡ್ಡಿ, ಕಲ್ಲುಗಡ್ಡಿ. ಪಂಪ್‌ಸೆಟ್ ಕೆಲಸಕ್ಕ ಹೋಗ್ತಿರ್ತೀನಿ. ಎರಡರಾಗೂ ಒಂದೊಂದು ಮನಿ ಖಾಲಿ ಐತಿ."

ನನ್ನ ಮೈ ಜುಮ್ಮೆಂದಿತು. ಸುತ್ತ ತುಂಗಭದ್ರೆ, ನಡುವೆ ನಾನು, ಕೈಯಲ್ಲಿ ಪುಸ್ತಕ! ಹಿಂದಿನವರು ವಾನಪ್ರಸ್ಥವೆಂದು ಕಾಡಿಗೆ ಹೋದದ್ದು ಸುಮ್ಮನೆ. ಕಾಡಿಗೂ ಈಗ ಬಸ್ಸು ಹೋಗುತ್ತದೆ. ಜಲಪ್ರಸ್ಥವೇ ಸರಿ.

ವಾಣಿಶ್ರೀ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಭಾಷಣ ಮುಗಿಸಿದ ಮೇಲೆ ಅವಳು ಕೇಳಿದ್ದು ಇಷ್ಟೇ:

"ಅಲ್ಲಿ ಗಿರಣಿ ಐತೇನ್ರಿ?"

"ಗೊತ್ತಿಲ್ಲ."

"ಗ್ಯಾಸ್ ಸಿಲಿಂಡರ್ ಹೆಂಗ ಬರ್ತೈತಿ? ಈಸಿಕೊಂಡೋ?"

"ಅದನ್ನೆಲ್ಲ ನೋಡಾಕ ಹೋಗೂದಲೇ."

"ಹಂಗಾದ್ರ ನಡೀರಿ. ನಾನೂ ನೋಡೇಬಿಡ್ತೀನಿ, ನೀರಾಗ ಮಂದಿ ಹೆಂಗ ಬಾಳ್ವಿ ಮಾಡ್ತಾರ ಅಂತ."

ಜಗಳವಾಡುತ್ತಾಳೆಂದು ಸಿದ್ಧನಾಗಿ ಹೋದವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಮಾಗಳದ ಬಳಿ ಹೊಳೆದಂಡೆಯಲ್ಲಿ ಬೆನಕಪ್ಪನ ಹರಿಗೋಲು ಕಾಯುತ್ತಿತ್ತು. ದೊಡ್ಡ ಬಿದಿರು ಬುಟ್ಟಿಯಂಥ ಆ ದೋಣಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ನಾನು ಕಾಲಿಟ್ಟೊಡನೆ ಅದು ಒಂದು ಕಡೆ ವಾಲಿತು. ನಾನು ಇನ್ನೊಂದು ಕಡೆ ವಾಲಿದೆ. 'ನಡುಗಡ್ಡೆ' ಎಂಬ ಮಾತಿನೊಳಗೆ 'ನಡುಗು' ಅಡಗಿದೆಯೆಂದು ಇಷ್ಟು ವರ್ಷ ಪುಸ್ತಕಗಳ ನಡುವೆ ಇದ್ದೂ ನನಗೆ ಹೊಳೆದಿರಲಿಲ್ಲ. ವಾಣಿಶ್ರೀ ಮಾತ್ರ ಸೆರಗು ಸಿಕ್ಕಿಸಿ ಬೆನಕಪ್ಪನ ಎದುರು ಕೂತು, ಹುಟ್ಟನ್ನು ಹೇಗೆ ಹಿಡಿಯುತ್ತೀಯ, ಇದು ತಿರುಗದಂತೆ ಏನು ಮಾಡುತ್ತೀಯ, ಮೇಲೆ ಹೊದೆಸಿದ್ದು ಚರ್ಮವೋ ಪ್ಲಾಸ್ಟಿಕ್ಕೋ ಎಂದು ವಿಚಾರಣೆ ಶುರುಹಚ್ಚಿದಳು.

"ಅಕ್ಕಾರ, ನೀವೂ ಒಂದೀಟು ಹಾಕಿ ನೋಡ್ರಿ" ಎಂದು ಅವನು ಹುಟ್ಟನ್ನೇ ಕೊಟ್ಟುಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ.

ಮೊದಲು ಸಿಕ್ಕಿದ್ದು ಹಕ್ಕಿಗಡ್ಡೆ. ಹುಣಸೆಮರಗಳ ತುಂಬ ಬೆಳ್ಳಕ್ಕಿ, ಮರಳಿನ ದಾರಿ, ಹಂಚಿನ ಮನೆಗಳು. ಖಾಲಿ ಮನೆಯ ಒಡತಿ ಅನ್ನದಾನಮ್ಮ ನಮ್ಮನ್ನು ಕೂಡಿಸಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಕಟ್ಟೆಯ ಮೇಲೆ ಗಾಳಿ ಹಿತವಾಗಿತ್ತು. ಇಲ್ಲೇ ಇದ್ದುಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೇಳಿದಳು:

"ನಿಮ್ಮವ್ವನ ತವರುಮನಿ ಯಾವೂರು ತಮ್ಮಾ?"

"ಹೊಳಲು."

"ಹೊಳಲಾಗ ಯಾರ ಮನ್ಯಾರು?"

"ಈರಕ್ಕನ ಮನಿ ಅಂತಾರ. ಈರಕ್ಕ ನಮ್ಮಜ್ಜಿ."

ಅನ್ನದಾನಮ್ಮ ಕೈಯಲ್ಲಿದ್ದ ಸವಟನ್ನೇ ಎತ್ತಿ ಕುಣಿಸಿದಳು. "ಯವ್ವಾ! ಈರಕ್ಕ ನಮ್ಮ ಚಿಗವ್ವನ ನಾದಿನಿ! ನೀ ನಮ್ಮ ಹುಡುಗನ! ಏ ಬರ್ರೆವ್ವಾ, ನಮ್ಮ ಈರಕ್ಕನ ಮೊಮ್ಮಗ ಬಂದಾನ!"

ಓಣಿಗೆ ಓಣಿಯೇ ಬಂತು. ಗಡ್ಡೆಯಲ್ಲಿದ್ದವರೆಲ್ಲ ಒಂದಲ್ಲ ಒಂದು ದಾರಿಯಿಂದ ನನಗೆ ಮಾವ, ಅತ್ತೆ, ಭಾವ, ಷಡ್ಡಕರಾದರು. ಒಬ್ಬರಂತೂ ನಾನು ಸಣ್ಣವನಿದ್ದಾಗ ಅವರ ಮಡಿಲಲ್ಲಿ ಮಾಡಿದ್ದನ್ನು ನೆನಪಿಸಿ, ನೆರೆದ ಎಲ್ಲರನ್ನೂ ನಗಿಸಿದರು. ವಾಣಿಶ್ರೀ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಾನು ಅವಳ ಕಿವಿಯಲ್ಲಿ, "ಇನ್ನೊಂದು ಗಡ್ಡಿ ನೋಡೂಣು ನಡಿ, ಲಗೂ" ಎಂದೆ.

ಕಲ್ಲುಗಡ್ಡೆ ಹೆಸರಿಗೆ ತಕ್ಕಂತಿತ್ತು. ಕಲ್ಲಿನ ಗೋಡೆ, ಕಲ್ಲಿನ ಕಟ್ಟೆ, ಜನರೂ ಹೆಚ್ಚುಕಡಿಮೆ ಹಾಗೆಯೇ. ನಮಸ್ಕಾರವೆಂದರೆ ತಲೆಯಾಡಿಸಿದರು. ಮನೆ ಯಾವುದೆಂದರೆ ಗದ್ದ ಎತ್ತಿ ತೋರಿಸಿದರು. ಯಾರೂ ಯಾವೂರೆನ್ನಲಿಲ್ಲ, ಯಾರ ಪೈಕಿಯೆನ್ನಲಿಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಬೊಗಳುವುದು ವ್ಯರ್ಥವೆಂದು ಮುಚ್ಚಿಕೊಂಡಿತು. ಆಹಾ, ಊರೇ ಒಂದು ಗ್ರಂಥಾಲಯ!

"ಇದೇ ನಮ್ಮ ಊರು" ಎಂದೆ.

ವಾಣಿಶ್ರೀ ಬಾವಿಕಟ್ಟೆಯ ಹೆಂಗಸರನ್ನು ಮಾತಾಡಿಸಿ ಸೋತು ಬಂದಿದ್ದಳು. "ಊರೇನ್ರಿ ಇದು? ಗಿರಣಿ ಎಲ್ಲೈತಿ ಅಂದ್ರ ಕೈ ಮಾಡ್ತಾರ, ನೀರು ಸಿಹಿಯೇನು ಅಂದ್ರ ಕೊಡ ಮುಂದ ಹಿಡೀತಾರ. ಇಲ್ಲಿ ಇದ್ರ ನಾನು ನಾಯಿ ಕೂಡ ಮಾತಾಡಬೇಕು. ಅದೂ ಅದು ಎದ್ದಾಗ."

"ಅಲ್ಲಿ ಊರ ತುಂಬ ನೆಂಟರು!"

"ನೀರಿನ ನಡುವ ಮನಷ್ಯಾಗ ಮನಷ್ಯಾ ಬೇಕಾಗತಾನ್ರಿ."

"ನಾನಿಲ್ಲೇನು?"

"ನೀವು ಪುಸ್ತಕ ಹಿಡದ್ರ ಇದ್ದರೂ ಇಲ್ಲದಂಗ."

ಈ ವಾದ ಹರಿಗೋಲು ಹತ್ತಿ ಹೊಳೆಯ ನಡುವೆ ಬಂದರೂ ಮುಗಿಯಲಿಲ್ಲ. ಎಡಕ್ಕೆ ಹಕ್ಕಿಗಡ್ಡೆ, ಬಲಕ್ಕೆ ಕಲ್ಲುಗಡ್ಡೆ. ಬೆನಕಪ್ಪ ಸಾಕಾಗಿ ಹುಟ್ಟನ್ನು ಮೇಲಕ್ಕೆತ್ತಿಬಿಟ್ಟ.

"ಒಂದು ಮಾತು ಹೇಳ್ತೀನಿ ಕೇಳ್ರಿ. ಗಡ್ಡಿಯಾಗ ಇರೋರು ಹುಟ್ಟು ಹಾಕಾಕ ಕಲೀಲೇಬೇಕು. ಸರ ಮೊದಲು ಹಾಕ್ರಿ, ಆಮ್ಯಾಲ ಅಕ್ಕಾರು. ಯಾರು ತಮ್ಮ ಗಡ್ಡಿಗೆ ಮುಟ್ಟಿಸ್ತಾರೋ ಆ ಊರಾಗ ಮನಿ ಮಾಡ್ರಿ."

ಪುರುಷ ಕುಲದ ಮರ್ಯಾದೆಯನ್ನು ನೆನೆದು ಹುಟ್ಟು ಹಿಡಿದೆ. ಒಂದು ಸಲ ಹಾಕಿದೆ; ಹರಿಗೋಲು ಅರ್ಧ ಸುತ್ತು ತಿರುಗಿತು. ಇನ್ನೊಂದು ಸಲ ಹಾಕಿದೆ. ಉಳಿದರ್ಧ ತಿರುಗಿ ನಮಸ್ಕಾರ ಹೇಳುವಂತೆ ಮೊದಲಿನ ಜಾಗಕ್ಕೇ ಬಂತು. ಆಮೇಲೆ ಬುಗುರಿಯೇ. ಹಕ್ಕಿಗಡ್ಡೆ, ಕಲ್ಲುಗಡ್ಡೆ, ಹಕ್ಕಿಗಡ್ಡೆ, ಕಲ್ಲುಗಡ್ಡೆ ಎಂದು ಎರಡೂ ನನ್ನ ಕಣ್ಣ ಮುಂದೆ ಓಡತೊಡಗಿದವು. ತಿಂದ ಎಣ್ಣೆಗಾಯಿ ಗಂಟಲವರೆಗೆ ಬಂದು ಇಣುಕಿ ನೋಡಿತು. ದಡದಲ್ಲಿ ಕಲ್ಲುಗಡ್ಡೆಯವರು ಸಾಲಾಗಿ ನಿಂತಿದ್ದರು. ಅಲ್ಲಿಯವರೆಗೆ ತುಟಿ ಬಿಚ್ಚದವರು ಒಟ್ಟಿಗೇ ಹೋ ಎಂದು ನಕ್ಕರು.

ವಾಣಿಶ್ರೀ ಮೆಲ್ಲಗೆ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡಳು. ಮಜ್ಜಿಗೆ ಕಡೆಯುವವಳಂತೆ ಈಚೆಗೊಮ್ಮೆ ಆಚೆಗೊಮ್ಮೆ ನೀರು ಎಳೆದಳು. ಬುಟ್ಟಿ ಕೊಂಚ ತೂಗಾಡಿ, ಸುಮ್ಮನಾಗಿ, ನೆಟ್ಟಗೆ ಹಕ್ಕಿಗಡ್ಡೆಯ ಮರಳಿಗೆ ಹೋಗಿ ತಾಗಿತು. ಮುಖದ ಮೇಲೆ ನೀರ ಹನಿ, ಬಿಚ್ಚಿದ ಕೂದಲು, ಉಸಿರು ಬಿಡುತ್ತ ನಗು. ಮದುವೆಯಾಗಿ ಇಷ್ಟು ಕಾಲವಾದರೂ ನಾನು ಈ ಹೆಂಗಸನ್ನು ನೋಡಿಯೇ ಇರಲಿಲ್ಲ ಅನ್ನಿಸಿತು.

"ಮೊದಲು ನಾನು ಹೋಗಿ ಮನಿ ಸಾರಿಸಿ, ಒಲಿ ಹೂಡ್ತೀನಿ. ನೀವು ಕೊಟ್ಟೂರಿನ ಮನಿಗಿ ಕೀಲಿ ಹಾಕ್ಕೊಂಡು ಹಿಂದಿನಿಂದ ಬರ್ರಿ" ಎಂದು ಹೇಳಿ ಅವಳು ಮುಂದಿನ ವಾರವೇ ಹೊರಟಳು.

ಕೀಲಿ ಹಾಕಲು ನನಗೆ ಆಗಲೇ ಇಲ್ಲ. ಕೀಲಿ ಕೈಯಲ್ಲಿ ಹಿಡಿದಾಗಲೆಲ್ಲ ಯಾರಾದರೂ ಬಸ್ ಇಳಿಯುತ್ತಿದ್ದರು. ಚಹಾ ಮಾಡಲು ಕಲಿತೆ. ಉಪ್ಪಿಟ್ಟು ಮಾಡಲು ಕಲಿತೆ. ಚೆನ್ನಾಗಾಗಿದೆ ಎಂದು ಸುದ್ದಿ ಹಬ್ಬಿ ಇನ್ನಷ್ಟು ಜನ ಬಂದರು. ಅತ್ತ ವಾಣಿಶ್ರೀ ಫೋನಿನಲ್ಲಿ, ಹೊಳೆ ದಾಟಿ ಹೋಗುವ ಹಕ್ಕಿಗಳ ಹೆಸರು ಹೇಳುತ್ತಿದ್ದಳು, ಹಪ್ಪಳ ಹಾಕಲು ಊರಿನವರೆಲ್ಲ ಕೂಡಿದ್ದನ್ನು ಹೇಳುತ್ತಿದ್ದಳು. ನಡುವೆ, "ತಡೀರಿ, ಆಚಿಗಿ ಯಾರೋ ಕೂಗ್ಯಾರ, ಹರಗೋಲ ಒಯ್ಯಬೇಕು" ಎಂದು ಇಟ್ಟುಬಿಡುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ, ಮೊದಲ ಬಸ್ಸು ಬರುವ ಮುಂಚೆಯೇ ಕಳ್ಳನಂತೆ ಹಿತ್ತಿಲ ಬಾಗಿಲಿನಿಂದ ತಪ್ಪಿಸಿಕೊಂಡು ಮಾಗಳ ಸೇರಿದೆ. ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. ಆಚೆಯಿಂದ ವಾಣಿಶ್ರೀ ಒಬ್ಬಳೇ ಹರಿಗೋಲು ತಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಕಣ್ಣು ಮಾತ್ರ ಮಿಂಚುತ್ತಿದ್ದವು.

ನಾನು ಜೋಪಾನವಾಗಿ ಹತ್ತಿ ಕೂತೆ. ಅವಳು ಹುಟ್ಟು ಹಾಕುತ್ತ, ಪ್ರೀತಿಯಿಂದಲೇ ಕೇಳಿದಳು:

"ಬರೂ ಮುಂಚೆ ಒಂದು ಫೋನರ ಮಾಡಬಾರದೇನ್ರಿ? ಊಟಕ್ಕ ಇರ್ತೀರೋ, ಚಾ ಕುಡದು ಹೊಕ್ಕೀರೋ?"

ಚೀಲವನ್ನು ತೊಡೆಯ ಮೇಲೆ ಸರಿಯಾಗಿಟ್ಟುಕೊಂಡು ಹೇಳಿದೆ:

"ನೀವೇನೂ ತ್ರಾಸ ತಗೋಬ್ಯಾಡ್ರಿ. ಏನೈತೋ ಅದನ್ನ ಉಣ್ತೀನಿ."